ಕಹಿ ಬಾಟಲಿ, ಸಿಹಿ ಬಾಟಲಿ

ಬೆಳಗ್ಗೆ ಮಗಳ ತಲೆ ಬಾಚುವುದೆಂದರೆ ಆ ತಾಯಿಯ ಪಾಲಿಗೆ ದಿನದ ಮೊದಲ ಜಗಳ. ಕೂದಲು ತುಂಬ ಸಿಕ್ಕು. ಬಾಚಣಿಗೆಗೆ ಅರ್ಧ ಹಲ್ಲಿಲ್ಲ. ಆಸ್ಪತ್ರೆ ಲಾಂಡ್ರಿಯ ಸೈರನ್ ಕೂಗಲು ಇನ್ನು ಕಾಲು ಗಂಟೆಯೂ ಇಲ್ಲ.

"ಅಲ್ಲಾಡಬೇಡ ಕಣೇ ಕೋತಿ, ನೆಟ್ಟಗೆ ಕೂತ್ಕೋ."

"ನೀನು ಎಳೀತೀಯ, ಅದಕ್ಕೆ ಅಲ್ಲಾಡ್ತೀನಿ."

"ನೀನು ಅಲ್ಲಾಡ್ತೀಯ, ಅದಕ್ಕೆ ಎಳೀತೀನಿ."

ಗದ್ದ ಹಿಡಿದು ಮಗಳ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು. ಬಾಚಣಿಗೆ ಕೂದಲಲ್ಲೇ ನಿಂತುಬಿಟ್ಟಿತು.

ಮಗಳ ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ.

"ಮೇಲೆ ನೋಡು."

ಮಗಳು ಮೇಲೆ ನೋಡಿದಳು.

"ಕೆಳಗೆ."

"ಏನಮ್ಮಾ?"

"ಏನಿಲ್ಲ. ಧೂಳು ಬಿದ್ದಿದೆ ಅಂತ ನೋಡ್ದೆ. ನಿನ್ನೆ ಉಚ್ಚೆ ಹೋದ್ಯಲ್ಲ, ಹೆಂಗಿತ್ತು?"

ಮಗಳು ಕಿಸಕ್ಕನೆ ನಕ್ಕಳು. "ಥೂ, ಅದನ್ನ ಯಾರಾದ್ರೂ ನೋಡ್ತಾರಾ?" ಆಮೇಲೆ ಸ್ವಲ್ಪ ಯೋಚಿಸಿ, "ಹಾಲು ಹಾಕದೇ ಇರೋ ಚಾ ಥರ ಇತ್ತು" ಎಂದಳು.

ಕಣ್ಣಿನ ಈ ಹಳದಿ ಬಣ್ಣವನ್ನು ತಾಯಿ ಮೊದಲೇ ನೋಡಿದ್ದಳು. ಹನ್ನೆರಡು ದಿನದ ಹಿಂದೆ, ಗೋಡೆಯ ಆಚೆ ಮನೆಯಲ್ಲಿ, ಆರು ವರ್ಷದ ಗುಂಡಮ್ಮನ ಕಣ್ಣಲ್ಲಿ. ಗುಂಡಮ್ಮ ಆಸ್ಪತ್ರೆ ಸೇರಿ ಮೂರೇ ದಿನಕ್ಕೆ ತೀರಿಹೋದಳು. ಕಾಮಾಲೆ ಅಂದರು. ಮಗುವನ್ನು ಮಣ್ಣು ಮಾಡಿ ಅದರ ಅಪ್ಪ ಅಮ್ಮ ಬಾಗಿಲಿಗೆ ಬೀಗ ಹಾಕಿಕೊಂಡು ತಮ್ಮ ಊರಿಗೆ ಹೊರಟುಹೋದರು. ತನ್ನ ಮಗಳಿಗೆ ಅವಳು, "ಗುಂಡಮ್ಮ ಅಜ್ಜಿ ಮನೆಗೆ ಹೋಗಿದಾಳೆ" ಎಂದು ಹೇಳಿದ್ದಳು. ಮಗಳು ಸರಿ ಅಂದಿದ್ದಳು. ಯಾವಾಗ ಬರ್ತಾಳೆ ಅಂತ ಒಂದು ಸಲವೂ ಕೇಳಿರಲಿಲ್ಲ. ಕೇಳದೇ ಇದ್ದದ್ದೇ ಒಳ್ಳೆಯದಾಯಿತು ಎಂದು ಅವಳು ಅಂದುಕೊಂಡಿದ್ದಳು.

ಆ ಸಾಲಿನಲ್ಲಿ ಇರುವುದು ಹದಿನಾರು ಕೋಣೆ. ಹದಿನಾರರಲ್ಲೂ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವವರೇ. ಕೋಣೆಗಳ ಬೆನ್ನಿಗೇ ಬಾಯ್ಲರು. ಬೆಳಗಿನಿಂದ ಸಂಜೆಯವರೆಗೆ ಬ್ಲೀಚಿಂಗ್ ಪುಡಿಯ ಹಬೆ ಕಿಟಕಿಯಲ್ಲಿ ನುಗ್ಗುತ್ತದೆ. ಮಕ್ಕಳಿಗೆಲ್ಲ ದಮ್ಮು. ಮಲಗಿದರೆ ಎದೆಯೊಳಗೆ ಶಿಳ್ಳೆ ಹೊಡೆದಂತೆ ಸದ್ದು. ಹಬೆ ಹೋಗಲು ಒಂದು ಎತ್ತರದ ಚಿಮಣಿ ಹಾಕಿಸಿ ಎಂದು ಹೆಂಗಸರು ನಾಲ್ಕು ವರ್ಷದಿಂದ ಕೇಳುತ್ತಿದ್ದರು. ಚಿಮಣಿ ಬರಲಿಲ್ಲ. ಬಂದದ್ದು ಬಾಟಲಿ.

ತಂದವರು ಫೈಲ್ ಮೇಡಂ. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಕಂಕುಳಲ್ಲಿ ಸದಾ ಒಂದು ನೀಲಿ ಫೈಲು, ಅದಕ್ಕೇ ಆ ಹೆಸರು. "ದಮ್ಮಿಗೆ ಹೊಸ ಟಾನಿಕ್. ಹೊರಗೆಲ್ಲೂ ಸಿಗಲ್ಲ. ನಿಮ್ಮ ಪುಣ್ಯ, ಫ್ರೀ" ಅಂದಿದ್ದರು. ಪ್ರತಿ ಮಗುವಿಗೂ ನಂಬರಿನ ಚೀಟಿ ಅಂಟಿಸಿದ ಕಂದು ಬಾಟಲಿ. ದಿನಕ್ಕೆರಡು ಸಲ, ಒಂದೊಂದು ಚಮಚ. ಎಲ್ಲರ ಒಪ್ಪಿಗೆ ಕಾಗದಕ್ಕೂ ಲಾಂಡ್ರಿಯ ಮೇಸ್ತ್ರಿಯೇ ನಿಂತ ನಿಲುವಿನಲ್ಲೇ ಸಹಿ ಹಾಕಿದ್ದ. "ಇವರಿಗೇನು ಓದೋಕೆ ಬರುತ್ತಾ ಮೇಡಂ? ನಾನಿದೀನಲ್ಲ" ಅಂದಿದ್ದ. ಹದಿನಾರು ಮನೆಯ ಮಕ್ಕಳು ಒಂದೇ ಪೆನ್ನಿನಲ್ಲಿ ಒಪ್ಪಿಬಿಟ್ಟಿದ್ದರು.

ಮೊದಲ ವಾರವೇ ಗುಂಡಮ್ಮನ ಅಮ್ಮ ಗೋಡೆ ಬಡಿದು ಕರೆದಿದ್ದಳು. ವಯಸ್ಸಿನಲ್ಲಿ ದೊಡ್ಡವಳು, ಇವಳು ಅವಳನ್ನು ಅಕ್ಕ ಅನ್ನುತ್ತಿದ್ದಳು.

"ನಿನ್ನ ಕಡ್ಡಿಗೆ ಕೊಟ್ಟಿರೋದನ್ನ ಒಂದು ಹನಿ ನಾಲಿಗೆ ಮೇಲೆ ಹಾಕು ನೋಡೋಣ."

ಮಗಳನ್ನು ಇಡೀ ಸಾಲು ಕಡ್ಡಿ ಎಂದೇ ಕರೆಯುತ್ತಿತ್ತು, ಅಷ್ಟು ಸಪೂರ. ಕಡ್ಡಿಯ ಔಷಧಿ ಬರೀ ಸಿಹಿ. ಗುಂಡಮ್ಮನದು ಮೊದಲು ಸಿಹಿ, ಆಮೇಲೆ ಗಂಟಲ ಹಿಂದೆ ಕಹಿ.

"ಗೊತ್ತಾಯ್ತಲ್ಲ?" ಅಂದಳು ಅಕ್ಕ. "ನಮ್ಮವಳಿಗೆ ಔಷಧಿ, ನಿಮ್ಮವಳಿಗೆ ಸಕ್ಕರೆ ನೀರು. ಯಾವಳೋ ಬಾಟಲಿ ತುಂಬೋವಾಗ ತೂಕಡಿಸಿದಾಳೆ."

"ಮೇಡಂಗೆ ಹೇಳೋಣ್ವಾ?"

"ಹೇಳಿದ್ರೆ ಇದನ್ನೂ ಕಿತ್ಕೊಂಡು ಹೋಗ್ತಾರೆ. ತಗೊಂಡು ಬಾ ಇಲ್ಲಿ."

ಅಕ್ಕ ಒಂದು ಸ್ಟೀಲಿನ ಪಾತ್ರೆಗೆ ಎರಡೂ ಬಾಟಲಿ ಸುರಿದು, ಚಮಚದಲ್ಲಿ ತಿರುವಿ, ಮತ್ತೆ ಎರಡಕ್ಕೂ ಸಮಸಮ ತುಂಬಿಸಿದ್ದಳು. ಅವರ ನಡುವೆ ಎಲ್ಲವೂ ಹಾಗೇ. ಸೋಪು ಅರ್ಧ ಅರ್ಧ, ಸೀಮೆಎಣ್ಣೆ ಅರ್ಧ ಅರ್ಧ. ಅಕ್ಕನ ಪಾಳಿಯಿದ್ದಾಗ ಇವಳು ಗುಂಡಮ್ಮನಿಗೆ ಉಣಿಸುತ್ತಿದ್ದಳು, ಇವಳ ಪಾಳಿಯಿದ್ದಾಗ ಅಕ್ಕ ಕಡ್ಡಿಗೆ. ಒಂದು ಮಗುವಿಗೆ ಔಷಧಿ ಕುಡಿಸಿ ಇನ್ನೊಂದಕ್ಕೆ ನೀರು ಕುಡಿಸಲು ಅವರಿಗೆ ಕೈ ಬರಲಿಲ್ಲ. ಎರಡು ತಿಂಗಳು, ಪ್ರತಿ ವಾರ ಹೊಸ ಬಾಟಲಿ ಬಂದಾಗಲೆಲ್ಲ, ಅದೇ ಪಾತ್ರೆಯಲ್ಲಿ ಬೆರೆಸಿದ್ದರು.

ಈಗ ಮಗಳ ಸಿಕ್ಕುಗೂದಲಲ್ಲಿ ಬಾಚಣಿಗೆ ಹಿಡಿದು ಕೂತವಳಿಗೆ ಆ ಪಾತ್ರೆ ಕಣ್ಣಿಗೆ ಕಟ್ಟಿತು. ಬೆರೆಸದೇ ಇದ್ದಿದ್ದರೆ ನನ್ನವಳಿಗೆ ಏನೂ ಆಗುತ್ತಿರಲಿಲ್ಲವೇ? ಆ ಯೋಚನೆ ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ಭಯ ನಾಚಿಕೆಗಿಂತ ದೊಡ್ಡದಿತ್ತು.

ಬಾಗಿಲು ತಟ್ಟಿದ ಸದ್ದು. ಫೈಲ್ ಮೇಡಂ.

"ಇನ್ನೂ ಹೊರಟಿಲ್ವೇನಮ್ಮಾ? ಒಳ್ಳೇದಾಯ್ತು. ಹಳೇ ಬಾಟಲಿಗಳನ್ನೆಲ್ಲ ಕೊಡು. ಹೊಸದು ಇವತ್ತು ಓಪಿಡಿಯಲ್ಲೇ ಕೊಡ್ತಾರೆ." ಒಳಗೆ ಬಂದು ಟ್ರಂಕಿನ ಮೇಲೆ ಒಂದು ಕಾಗದ ಹರಡಿ, ಇಂಕಿನ ಡಬ್ಬಿಯ ಮುಚ್ಚಳ ತೆಗೆದರು. "ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡು. ನಾಡಿದ್ದು ದೊಡ್ಡ ಆಫೀಸಿನಿಂದ ತಪಾಸಣೆಗೆ ಬರ್ತಿದಾರೆ. ಎಲ್ಲ ಕಾಗದಾನೂ ಸರಿ ಇರ್ಬೇಕಂತೆ, ಮೇಸ್ತ್ರಿ ಸಹಿ ನಡೆಯಲ್ವಂತೆ. ನನ್ನ ತಲೆ ತಿಂತಿದಾರೆ."

"ಮೇಡಂ, ಇವಳ ಕಣ್ಣು..."

"ಮೊದಲು ಒತ್ತಮ್ಮ, ಆಮೇಲೆ ನೋಡೋಣ."

ಕಡ್ಡಿ ಮೂರನೇ ಕ್ಲಾಸು. ಓದಲು ಬಂದಾಗಿನಿಂದ ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದುವ ಚಟ. ಸೋಪಿನ ಕಾಗದ, ಬ್ರೆಡ್ಡಿನ ಕವರು, ಲಾರಿಯ ಹಿಂಭಾಗ, ಯಾವುದನ್ನೂ ಬಿಡುತ್ತಿರಲಿಲ್ಲ. ಟ್ರಂಕಿನ ಮೇಲೆ ಬಗ್ಗಿ ಬೆರಳಿಟ್ಟು ಓದತೊಡಗಿದಳು.

"ಅರ್ಧ ಮಕ್ಕಳಿಗೆ ಔಷಧಿ ಇಲ್ಲದ ಸಿರಪ್ಪು ಕೊಡಲಾಗುವುದೆಂದೂ... ಕಣ್ಣು ಹಳದಿಯಾದರೆ ಕೂಡಲೇ ಔಷಧಿ ನಿಲ್ಲಿಸಿ ಆಸ್ಪತ್ರೆಗೆ ಬರಬೇಕೆಂದೂ... ಯಾವಾಗ ಬೇಕಾದರೂ ಬಿಟ್ಟುಹೋಗಬಹುದೆಂದೂ... ನನಗೆ ವಿವರವಾಗಿ ತಿಳಿಸಿರುತ್ತಾರೆ. ಅಮ್ಮಾ, ಈ ತಾರೀಕು ಇವತ್ತಿಂದಲ್ಲ, ನಮ್ಮ ಸ್ಕೂಲು ಶುರುವಾದ ವಾರದ್ದು."

ಮೇಡಂ ಅಂಗೈಯಿಂದ ಕಾಗದ ಮುಚ್ಚಿದರು. "ಓದೋಕೆ ಚೆನ್ನಾಗಿ ಕಲಿತಿದಾಳಲ್ಲ" ಎಂದು ನಕ್ಕರು. ಆ ನಗು ಅರ್ಧಕ್ಕೇ ನಿಂತಿತು.

"ಇದನ್ನ ಯಾವಾಗ ಹೇಳಿದ್ರಿ ಮೇಡಂ?"

"ಎಲ್ಲರಿಗೂ ಹೇಳಿದ್ದೇ. ನಿಮಗೆ ನೆನಪಿರಲ್ಲ."

"ಗುಂಡಮ್ಮನ ಅಮ್ಮಂಗೆ ಹೇಳಿದ್ರಾ?"

ಮೇಡಂ ಡಬ್ಬಿಯ ಮುಚ್ಚಳ ಹಾಕಿದರು. "ನಡಿ. ಏನಿದ್ರೂ ಡಾಕ್ಟ್ರ ಹತ್ರ ಮಾತಾಡು."

ಸೈರನ್ ಕೂಗಿತು. ಅವಳು ಲಾಂಡ್ರಿಯ ಕಡೆ ತಿರುಗದೆ ಮಗಳ ಅರ್ಧ ಜಡೆಯನ್ನು ಹಾಗೇ ಬಿಟ್ಟು ಕೈ ಹಿಡಿದು ಆಸ್ಪತ್ರೆಯ ಕಡೆ ನಡೆದಳು. ಲಾಂಡ್ರಿ ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಕೂಗಿದ. "ಏನಮ್ಮಾ ಮಹಾರಾಣಿ, ಎತ್ಲಾಗೆ ಸವಾರಿ? ಇವತ್ತು ಟಬ್ಬಿಗೆ ನಾನಿಳೀಲಾ?"

ಬೇರೆ ದಿನವಾಗಿದ್ದರೆ ಅವಳು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ಒಳಗೆ ನಾಲ್ಕು ಟಬ್ಬು. ರಕ್ತದ ಹಾಸಿಗೆ ಬಟ್ಟೆಗೊಂದು, ವಾಂತಿಯದಕ್ಕೊಂದು, ಆಪರೇಷನ್ ಕೋಣೆಯದಕ್ಕೊಂದು. ನಾಲ್ಕನೆಯದು ಹೆಣದ ಬಟ್ಟೆಗೆ. ಅದು ಎರಡೂ ತುದಿಗೆ ಗಂಟು ಹಾಕಿಕೊಂಡು ಬರುತ್ತದೆ. ಗಂಟು ಕಂಡರೆ ಬೇರೆ ಬಟ್ಟೆಯ ಜೊತೆ ಹಾಕಕೂಡದು. ಒಂಬತ್ತು ದಿನದ ಹಿಂದೆ ಆ ಟಬ್ಬಿನ ಪಾಳಿ ಅವಳದೇ ಇತ್ತು. ಗಂಟು ಬಿಚ್ಚಿದರೆ ಒಳಗೆ ಚಿಕ್ಕ ಹಾಸು, ಮಕ್ಕಳ ವಾರ್ಡಿನದು. ನಡುವೆ ಹಳದಿ ಕಲೆ. ಮೂರು ಸಲ ಕುದಿಸಿದರೂ ಹೋಗಲಿಲ್ಲ. ತೊಳೆಯುತ್ತಾ ತೊಳೆಯುತ್ತಾ ಅವಳಿಗೆ ಅದು ಯಾರದೆಂದು ತಿಳಿಯಿತು. ಸದ್ದು ಮಾಡದೆ ತೊಳೆದಳು. ಮೇಸ್ತ್ರಿಗೆ ಅಳು ಕೇಳಿಸಿದರೆ ಅರ್ಧ ದಿನದ ಕೂಲಿ ಕತ್ತರಿಸುತ್ತಾನೆ.

ಮಕ್ಕಳ ಓಪಿಡಿಯ ಉದ್ದ ಕಾರಿಡಾರು ತುಂಬಿತ್ತು. ಪಾಳಿ ಇಲ್ಲದ ಸಾಲಿನ ಹೆಂಗಸರು, ಅಡುಗೆ ಮನೆಯವರು, ಆಸ್ಪತ್ರೆಯ ಆಚೆಯ ಇಟ್ಟಿಗೆ ಗೂಡಿನವರು. ಎಲ್ಲರ ಮಡಿಲಲ್ಲೂ ಒಂದು ಕೆಮ್ಮುವ ಮಗು, ಕೈಯಲ್ಲೊಂದು ಕಂದು ಬಾಟಲಿ. ಇವತ್ತು ಬೆಳಗಿನ ಚಮಚವನ್ನು ಅಲ್ಲೇ, ನರ್ಸಿನ ಎದುರಿಗೇ ಕುಡಿಸಬೇಕಂತೆ. ಇಷ್ಟು ಮಕ್ಕಳು ಕುಡಿಯುತ್ತಿದ್ದಾರೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಡಾಕ್ಟರ ಕೋಣೆಯಲ್ಲಿ ತಣ್ಣನೆ ಗಾಳಿ. ಅವರು ಕಡ್ಡಿಯ ರೆಪ್ಪೆ ಕೆಳಗೆಳೆದು ನೋಡಿದರು. ಹೊಟ್ಟೆಯ ಬಲಗಡೆ ಒತ್ತಿದರು. ಕಡ್ಡಿ "ಹಾ" ಅಂದಳು. ಡಾಕ್ಟರು ಕೈ ಹಿಂದೆ ತೆಗೆದುಕೊಂಡರು.

"ಎಷ್ಟು ದಿನದಿಂದ?"

"ಇವತ್ತೇ ಕಂಡಿದ್ದು ಸಾರ್. ಆ ಔಷಧೀಲಿ ಏನಿದೆ ಸಾರ್?"

"ನಿನ್ನ ಮಗಳ ಬಾಟಲೀಲಿ ಔಷಧಿ ಇದೆಯೋ ಬರೀ ಸಿರಪ್ಪೋ ನಮಗೂ ಗೊತ್ತಿರಲ್ಲ. ಯಾರಿಗೂ ಗೊತ್ತಾಗಬಾರದು. ಹಾಗಿದ್ರೇ ಪರೀಕ್ಷೆ ಸರಿಯಾಗೋದು. ಯಾವ ನಂಬರಿಗೆ ಯಾವುದು ಅನ್ನೋದು ಸೀಲ್ ಹಾಕಿದ ಕವರಿನಲ್ಲಿರುತ್ತೆ."

"ಆ ಕವರ್ ಒಡೀರಿ ಸಾರ್."

"ಒಡೀಬಹುದು. ಆದ್ರೆ ಮೇಲಿನವರಿಗೆ ಬರೆದು ತಿಳಿಸ್ಬೇಕು."

ಹೇಳಿದರೆ ಏನು ಮಾಡುತ್ತಾರೋ. ಹೇಳದಿದ್ದರೆ ಮಗಳ ಗತಿ?

"ಒಡೆದ್ರೂ ಗೊತ್ತಾಗಲ್ಲ ಸಾರ್" ಅಂದಳು. "ನಾವು ಬೆರೆಸಿಬಿಟ್ಟಿದೀವಿ."

"ಏನು?"

"ಗುಂಡಮ್ಮಂದು ಕಹಿ ಇತ್ತು, ಇವಳದು ಸಿಹಿ. ನಾನೂ ಅಕ್ಕಾನೂ ಎರಡನ್ನೂ ಒಂದೇ ಪಾತ್ರೇಲಿ ಬೆರೆಸಿ ಇಬ್ಬರಿಗೂ ಕೊಟ್ವಿ. ಎರಡು ತಿಂಗಳು."

ಡಾಕ್ಟರು ಕುರ್ಚಿಯಿಂದ ಎದ್ದರು. ಕೂತರು. "ತಲೆ ಇದೆಯೇನಮ್ಮಾ ನಿನಗೆ? ಎರಡು ವರ್ಷದ ಕೆಲಸ! ಲೆಕ್ಕವೆಲ್ಲ ಹಾಳು ಮಾಡಿದ್ರಲ್ಲ! ಹಾಗೆ ಮಾಡಿ ಅಂತ ಯಾರು ಹೇಳಿದ್ರು?"

"ಮಾಡಬೇಡಿ ಅಂತಾನೂ ಯಾರೂ ಹೇಳ್ಲಿಲ್ಲ ಸಾರ್. ಒಂದರಲ್ಲಿ ಬರೀ ನೀರಿರುತ್ತೆ ಅಂತಾನೂ ಹೇಳ್ಲಿಲ್ಲ. ಸತ್ತುಹೋಗ್ತಾರೆ ಅಂತಾನೂ ಹೇಳ್ಲಿಲ್ಲ."

ಡಾಕ್ಟರು ಜೊತೆಗೆ ಬಂದಿದ್ದ ಮೇಡಂ ಕಡೆ ನೋಡಿದರು. ಮೇಡಂ ಫೈಲಿನ ಕಡೆ ನೋಡಿದರು.

"ಗುಂಡಮ್ಮನ ಕಾಗದದಲ್ಲಿ ಏನು ಬರ್ದಿದೀರಿ ಸಾರ್?"

"ಕಾಮಾಲೆ. ನೀರಿನಿಂದ ಬರುತ್ತೆ." ಡಾಕ್ಟರ ದನಿ ಈಗ ತಗ್ಗಿತ್ತು. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆಯುತ್ತಿದ್ದುದನ್ನು ಅವಳು ಕಂಡಳು. ಇವರಿಗೂ ಹೆದರಿಕೆ. ಅದು ಕಂಡಮೇಲೆ ಅವಳ ಹೆದರಿಕೆ ಇನ್ನಷ್ಟು ಹೆಚ್ಚಿತು. ಅವಳ ಮಗಳನ್ನು ಉಳಿಸಬೇಕಾದವರೇ ಹೆದರಿದ್ದರು.

"ನೋಡಮ್ಮ" ಎಂದರು. "ಮಗೂನ ಈಗಲೇ ದಾಖಲು ಮಾಡ್ಕೋತೀನಿ. ಸ್ಪೆಷಲ್ ವಾರ್ಡು. ಒಳ್ಳೇ ಔಷಧಿ. ಬೇಗ ಬಂದಿದೀಯ, ಉಳೀತಾಳೆ. ನೀನು ಆ ಕಾಗದಕ್ಕೊಂದು ಒತ್ತಿಬಿಡು. ಬೆರೆಸಿದ್ದು ಗಿರೆಸಿದ್ದು ಈ ಕೋಣೆ ದಾಟಬಾರದು. ನಿನಗೂ ಒಳ್ಳೇದು, ನಮಗೂ ಒಳ್ಳೇದು."

ಮೇಜಿನ ಮೇಲೆ ಎರಡು ಕಾಗದ. ಒಂದು ದಾಖಲು ಚೀಟಿ, ಇನ್ನೂ ಖಾಲಿ. ಇನ್ನೊಂದು ಹಳೇ ತಾರೀಕಿನದು. ಮೇಡಂ ಮತ್ತೆ ಇಂಕಿನ ಡಬ್ಬಿ ತೆಗೆದರು. ಅವಳ ಕೈ ತಾನಾಗಿಯೇ ಮುಂದೆ ಹೋಯಿತು. ಕೊಡು ಎಂದರೆ ಕೊಟ್ಟು ಅಭ್ಯಾಸವಾದ ಕೈ ಅದು. ಮೇಡಂ ಹೆಬ್ಬೆಟ್ಟನ್ನು ಹಿಡಿದು ಇಂಕಿಗೆ ಅದ್ದಿ ಕಾಗದದ ಅಂಚಿನಲ್ಲಿ ಒತ್ತಿ ನೋಡಿದರು. ನುಣ್ಣನೆಯ ನೀಲಿ ಮಚ್ಚೆ ಬಿತ್ತು. ಗೆರೆಯೇ ಇಲ್ಲ. ಹನ್ನೊಂದು ವರ್ಷದ ಕಾಸ್ಟಿಕ್ ಸೋಡಾ ನೀರು ಬೆರಳಿನ ಗೆರೆಯನ್ನೆಲ್ಲ ತಿಂದುಹಾಕಿತ್ತು. ಹಾಜರಿ ಹಾಕುವ ಮೆಷಿನ್ನೂ ಲಾಂಡ್ರಿಯ ಹೆಂಗಸರನ್ನು ಗುರುತಿಸುತ್ತಿರಲಿಲ್ಲ. "ನಾವು ಕಳ್ಳತನ ಮಾಡಿದ್ರೂ ಪೊಲೀಸರಿಗೆ ಸಿಗಲ್ಲ ಕಣೇ" ಎಂದು ಅಕ್ಕ ನಗುತ್ತಿದ್ದಳು.

"ಜೋರಾಗಿ ಒತ್ತಮ್ಮ, ಬಿದ್ದೇ ಇಲ್ಲ. ಸಹಿ ಜಾಗದಲ್ಲಿ ಸರಿಯಾಗಿ ಬೀಳ್ಬೇಕು."

ಆಗ ಅರ್ಧ ತೆರೆದ ಬಾಗಿಲಿನ ಸಂದಿಯಲ್ಲಿ ಅವಳು ನೋಡಿದಳು. ಇಟ್ಟಿಗೆ ಗೂಡಿನ ಹೆಂಗಸೊಬ್ಬಳು ಬೆಂಚಿನ ತುದಿಗೆ ಕೂತು ಬಾಟಲಿ ಅಲ್ಲಾಡಿಸುತ್ತಿದ್ದಳು. ಚಮಚಕ್ಕೆ ಅಂಚಿನವರೆಗೆ ಸುರಿದುಕೊಂಡಳು. ಒಂದು ಹನಿಯೂ ಚೆಲ್ಲದಂತೆ, ಉಸಿರು ಬಿಗಿಹಿಡಿದು, ಮಗುವಿನ ಬಾಯಿಗಿಟ್ಟಳು. ಮಗು ಮುಖ ಸಿಂಡರಿಸಿತು. ತಾಯಿ ಅದರ ಬೆನ್ನು ಸವರಿ, "ಜಾಣ, ಜಾಣ, ಕಹಿ ಆದ್ರೆ ಒಳ್ಳೇದು" ಅಂದಳು.

ಗುಂಡಮ್ಮನ ಬಾಟಲಿಯೂ ಕಹಿಯೇ ಇತ್ತು.

ಅವಳು ಕೈ ಹಿಂದೆ ಎಳೆದುಕೊಂಡಳು. ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿದಳು.

"ಒತ್ತಲ್ಲ."

"ಏನಂದೆ?"

"ಒತ್ತಲ್ಲ ಸಾರ್. ನೀವು ಹೇಳಿಲ್ಲ. ಹೇಳಿದೀರಿ ಅಂತ ನಾನು ಒತ್ತಲ್ಲ."

"ಮಗಳು ಬೇಡ್ವಾ ನಿನಗೆ?" ಅಂದರು ಮೇಡಂ.

ಆ ಮಾತು ಅವಳ ಕೆನ್ನೆಗೆ ಬಾರಿಸಿದಂತಾಯಿತು. ಮೇಜಿನ ಅಂಚು ಹಿಡಿದು ನಿಂತಳು. ಮಗಳ ಅರ್ಧ ಜಡೆ ಅವಳ ತೋಳಿಗೆ ತಾಗುತ್ತಿತ್ತು. ತಾನೇ ಮಗಳನ್ನು ಕೊಲ್ಲುತ್ತಿದ್ದೇನೋ ಏನೋ ಅನ್ನಿಸಿತು. ಆದರೂ ಮುಷ್ಟಿ ಬಿಚ್ಚಲಿಲ್ಲ.

"ಬೇಕು. ಬೇಕು ಅಂತಾನೇ ಬಂದಿದೀನಿ. ಇವಳನ್ನ ಉಳಿಸೋದು ನಿಮ್ಮ ಕೆಲಸ. ಇವಳಿಗೆ ಕೊಟ್ಟಿದ್ದು ನೀವು. ಅದಕ್ಕೆ ನನ್ನ ಹೆಬ್ಬೆಟ್ಟು ಯಾಕೆ ಬೇಕು? ಮಲಗಿಸ್ತೀರೋ, ಹೊರಗೆ ಹಾಕ್ತೀರೋ, ಹೇಳಿಬಿಡಿ. ಹೊರಗೆ ಹಾಕಿದ್ರೆ ಯಾಕೆ ಹಾಕಿದ್ರು ಅಂತ ಹೊರಗೆ ಕೂತಿರೋರಿಗೆಲ್ಲ ಹೇಳ್ತೀನಿ. ಮಲಗಿಸಿದ್ರೂ ಹೇಳ್ತೀನಿ."

ಡಾಕ್ಟರು ದಾಖಲು ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅವರು ಬರೆದರೋ ಇಲ್ಲವೋ ನೋಡಲು ಅವಳು ನಿಲ್ಲಲಿಲ್ಲ. ನಿಂತರೆ ಧೈರ್ಯ ಇಳಿದುಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಮಗಳ ಕೈ ಹಿಡಿದು ಬಾಗಿಲು ತಳ್ಳಿ ಕಾರಿಡಾರಿಗೆ ಬಂದಳು.

ಎಲ್ಲರೂ ತಲೆಯೆತ್ತಿದರು. ಮೇಸ್ತ್ರಿ ಅಷ್ಟರಲ್ಲಿ ಅಲ್ಲಿಗೂ ಬಂದಿದ್ದ. ಕಂಬಕ್ಕೆ ಒರಗಿ, ಬೀಗದ ಕೈ ಗೊಂಚಲು ತಿರುಗಿಸುತ್ತಾ, ಕಣ್ಣಲ್ಲೇ ಎಚ್ಚರಿಕೆ ಕೊಟ್ಟ. ಅವಳ ಹಿಂದೆಯೇ ಹೊರಬಂದ ಮೇಡಂ, ಏನೂ ಆಗಿಲ್ಲವೆಂಬಂತೆ ಪೆಟ್ಟಿಗೆ ಬಿಚ್ಚಿ ಹೊಸ ಬಾಟಲಿಗಳನ್ನು ಮೇಜಿನ ಮೇಲೆ ಜೋಡಿಸತೊಡಗಿದರು. "ಸಾಲಾಗಿ ಬನ್ನಿ, ನೂಕಬೇಡಿ, ಎಲ್ಲರಿಗೂ ಇದೆ."

ಹೆಂಗಸರು ಎದ್ದರು. ಸಾಲು ಕಟ್ಟಿದರು.

ಅವಳು ಬಾಯಿ ತೆರೆದಳು. ದನಿ ಬರಲಿಲ್ಲ. ಇವರೆಲ್ಲ ಅವಳಂಥವರೇ. ತಾನು ಹೇಳಿದರೆ ಇವರ ಕೈಯಲ್ಲಿರುವ ಒಂದೇ ಒಂದು ಆಸರೆ ಬಿದ್ದುಹೋಗುತ್ತದೆ. ನಂಬುತ್ತಾರೋ, ಬೈಯುತ್ತಾರೋ. ಸಾಲಿನ ಹೆಂಗಸೊಬ್ಬಳು, "ಏನಾಯ್ತೇ? ಮುಖ ಯಾಕೆ ಹಂಗಾಗಿದೆ?" ಅಂದಳು.

ಮೊದಲ ತಾಯಿ ಕೈ ಚಾಚಿದಳು. ಮೇಡಂ ಬಾಟಲಿ ಎತ್ತಿಕೊಟ್ಟರು.

ಕಡ್ಡಿ ಅಮ್ಮನ ಕೈ ಬಿಡಿಸಿಕೊಂಡು ಎರಡು ಹೆಜ್ಜೆ ಮುಂದೆ ಹೋಗಿ ಮೇಜಿನೆದುರು ನಿಂತಳು. ಅವಳ ತಲೆ ಮೇಜಿನ ಅಂಚಿಗಿಂತ ಒಂದು ಗೇಣು ಮಾತ್ರ ಮೇಲೆ. ಹಳದಿ ಕಣ್ಣೆತ್ತಿ, ಪಾಠ ಓದುವಷ್ಟು ಗಟ್ಟಿಯಾಗಿ, ಇಡೀ ಕಾರಿಡಾರಿಗೆ ಕೇಳುವಂತೆ ಕೇಳಿದಳು.

"ಮೇಡಂ, ನಮ್ಮ ಗುಂಡಮ್ಮ ಸತ್ತಿದ್ದು ಇದನ್ನ ಕುಡಿದೇನಾ?"